ಪದಚರ್ಚೆ: 'ಪಾಪ್ಯುಲೇಶನ್'ಗೆ ಜನಸಂಖ್ಯೆಯಲ್ಲದ ಪದ ಬೇಕಿತ್ತು (ತುರ್ತು)

ಚಿಕ್ಕಬಳ್ಳಾಪುರದಿಂದ, ಬೆಳಿಗ್ಗೆ 9.40

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಮಾನವಶಾಸ್ತ್ರದ ಒಂದು ಸಣ್ಣ ಪ್ರದರ್ಶನ ಇದೆ. ಇಂಗ್ಲಿಷ್ ಫಲಕಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಿದ್ದಿದೆ. ಸಂಜೆ ಐದರೊಳಗೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು. 'ಫಿಸಿಕಲ್ ಆಂತ್ರಪಾಲಜಿ'ಗೆ ಭೌತಿಕ ಮಾನವಶಾಸ್ತ್ರ ಅಂತ ಹಾಕಿದ್ದೇನೆ, ಅದರಲ್ಲಿ ತಕರಾರಿಲ್ಲ. 'ಪ್ರಿಹಿಸ್ಟಾರಿಕ್ ಪಾಪ್ಯುಲೇಶನ್ಸ್' ಇದ್ದ ಕಡೆ ಡಿಟಿಪಿ ಹುಡುಗ 'ಇತಿಹಾಸಪೂರ್ವ ಜನಸಂಖ್ಯೆಗಳು' ಅಂತ ಹೊಡೆದಿಟ್ಟಿದ್ದಾನೆ. ಅದರ ಕೆಳಗಿರೋದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕಲ್ಲುಗೋರಿಯ ಚಿತ್ರ. ಅಲ್ಲಿ ತಲೆ ಎಣಿಸುವ ಮಾತೇ ಇಲ್ಲ. ಹಾಗೇ 'ಹ್ಯೂಮನ್ ವೇರಿಯೇಶನ್'ಗೆ ವ್ಯತ್ಯಾಸ ಅನ್ನಲೋ ವೈವಿಧ್ಯ ಅನ್ನಲೋ? ಬಲ್ಲವರು ಬೇಗ ಹೇಳಿ.

ತುಮಕೂರಿನಿಂದ, 9.58

ಜನಾಂಗ. ಕೈಯಲ್ಲಿ ಪದ ಇಟ್ಟುಕೊಂಡು ಊರೆಲ್ಲ ಹುಡುಕೋದ್ಯಾಕಮ್ಮ?

ಕೋಲಾರದಿಂದ, 10.30

ಮೇಷ್ಟ್ರೇ, ಬೇರೆ ಯಾವುದಾದರೂ ಸೈ, ಜನಾಂಗ ಮಾತ್ರ ಬೇಡ. ನಮ್ಮ ಕಡೆ 'ನಮ್ಮ ಜನಾಂಗದೋರು' ಅಂದರೆ ಜಾತಿ, ಪೇಪರಿನಲ್ಲಿ 'ಜನಾಂಗೀಯ ನಿಂದನೆ' ಅಂದರೆ ರೇಸ್, ಮೈಬಣ್ಣ ಮುಖಲಕ್ಷಣ ನೋಡಿ ಮನುಷ್ಯರನ್ನು ಬೇರೆಬೇರೆ ಬಗೆ ಅಂತ ವಿಂಗಡಿಸೋದು. ಈ ಶಾಸ್ತ್ರ ಕಷ್ಟಪಟ್ಟು ಕಳಚಿಕೊಂಡಿದ್ದೇ ಆ ರೇಸ್ ಅನ್ನು. 1901ರ ಜನಗಣತಿ ಕಾಲದಲ್ಲಿ ಗಣತಿ ಕಮಿಷನರ್ ರಿಸ್ಲೆ ಮೂಗಿನ ಅಗಲ ಅಳೆದು ಜಾತಿಗಳ ಮೇಲುಕೀಳು ಹೇಳಲು ಹೊರಟಿದ್ದರು. 1931ರ ಗಣತಿಗೆ ಮಾನವಶಾಸ್ತ್ರಜ್ಞ ಬಿ.ಎಸ್. ಗುಹ ಆರು ಜನಾಂಗಗಳ ಪಟ್ಟಿ ಕೊಟ್ಟರು. ಅದನ್ನು ಪರೀಕ್ಷೆಯ ಗೈಡುಗಳಲ್ಲಿ ಹುಡುಗರು ಇವತ್ತಿಗೂ ಬಾಯಿಪಾಠ ಮಾಡ್ತಾರೆ.

ತಲೆಬುರುಡೆ ಅಳತೆಯ ಕಥೆ ಕೇಳಿ. ಬಾಗಿದ ಕೈಗಳ ಕ್ಯಾಲಿಪರಿನ ಒಂದು ತುದಿ ಹುಬ್ಬುಗಳ ನಡುವೆ, ಇನ್ನೊಂದು ಹಿಂದಲೆಯಲ್ಲಿ ಅತಿ ಚಾಚಿದ ಕಡೆ. ಅದು ಉದ್ದ. ಕಿವಿಗಳ ಮೇಲುಗಡೆ ಅತಿ ಅಗಲ ಇರುವಲ್ಲಿ ಅಗಲ. ಅಗಲವನ್ನು ಉದ್ದದಿಂದ ಭಾಗಿಸಿ 100ರಿಂದ ಗುಣಿಸಿದರೆ ಸೆಫಾಲಿಕ್ ಇಂಡೆಕ್ಸ್. 75ಕ್ಕಿಂತ ಕಡಿಮೆಯಾದರೆ ನೀಳತಲೆ, 80 ದಾಟಿದರೆ ಅಗಲತಲೆ. ಇದು ವಂಶಪರಂಪರೆಯಾಗಿ ಬದಲಾಗದೆ ಬರುವ ಗುರುತು ಅಂತ ನಂಬಿದ್ದರು. ಅಮೆರಿಕಕ್ಕೆ ವಲಸೆ ಹೋದವರನ್ನೂ ಅಲ್ಲೇ ಹುಟ್ಟಿದ ಅವರ ಮಕ್ಕಳನ್ನೂ ಮಾನವಶಾಸ್ತ್ರಜ್ಞ ಫ್ರಾಂಜ್ ಬೋಆಸ್ ಅಳೆಸಿ ನೋಡಿದರೆ ಇಂಡೆಕ್ಸೇ ಬೇರೆ! ಅದು ಅಚ್ಚಾಗಿದ್ದು 1912ರಲ್ಲಿ. ಮುಂದೆ 1972ರಲ್ಲಿ ತಳಿವಿಜ್ಞಾನಿ ಲೆವಾಂಟಿನ್ ರಕ್ತದ ಗುಂಪು, ಪ್ರೋಟೀನುಗಳ ಲೆಕ್ಕ ಹಾಕಿ, ಮನುಷ್ಯರ ನಡುವಿನ ಆನುವಂಶಿಕ ವೈವಿಧ್ಯದಲ್ಲಿ ಶೇ. 85ರಷ್ಟು ಒಂದೊಂದು ಪಾಪ್ಯುಲೇಶನ್ನಿನ ಒಳಗೇ ಇದೆ ಅಂತ ತೋರಿಸಿದರು. ಈ ವಾಕ್ಯದಲ್ಲಿ ಜನಾಂಗ ಅಂತ ಹಾಕಿ ಓದಿ, ಮಾತು ತಲೆಕೆಳಗಾಗುತ್ತೆ.

ಪಾಪ್ಯುಲೇಶನ್ ಅಂದರೆ ಇಲ್ಲಿ ಹೆಚ್ಚಾಗಿ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದುಕೊಳ್ಳುವ ಜನ, ಅಷ್ಟೆ. 'ಜನಸಮುದಾಯ' ಅನ್ನಿ ಮೇಡಂ, ಸಾಕು.

ತಿಪಟೂರಿನಿಂದ, 11.15

ಸಂಸ್ಕ್ರುತ ಬಿಟ್ಟರೆ ಬೇರೆ ದಾರಿಯೇ ಕಾಣದವರ ಚರ್‍ಚೆ ಇದು. ಕನ್ನಡದಲ್ಲೇ 'ಒಕ್ಕಲು' ಇದೆ. ಒಂದು ಕಡೆ ನೆಲೆನಿಂತು ಬಾಳುವ ಮಂದಿ ಎಂಬ ಹುರುಳು. 'ಹಳಮೆಯ ಒಕ್ಕಲುಗಳು' ಎಂದು ಬರೆಯಿರಿ, ಹಳ್ಳಿಯವರಿಗೂ ತಿಳಿಯುತ್ತದೆ. ಮಾನವಶಾಸ್ತ್ರಕ್ಕೆ 'ಮಂದಿಯರಿಮೆ'. ನನ್ನಿ.

ತುಮಕೂರಿನಿಂದ, 11.22

ಒಕ್ಕಲು ಬಂದದ್ದು ಒಕ್ಕು ಧಾತುವಿನಿಂದ. ತೆನೆ ತುಳಿಸಿ ಕಾಳು ಬಿಡಿಸುವವನು ಒಕ್ಕಲಿಗ. ನಿಮ್ಮ ತಿಪಟೂರಿನ ಪಕ್ಕದ ಕಿಬ್ಬನಹಳ್ಳಿಯಲ್ಲಿ ಕಲ್ಲಿನ ಕೈಗೊಡಲಿ ಬಿಟ್ಟುಹೋದ ಹಳೆ ಶಿಲಾಯುಗದವರು ಯಾವ ಕಣ ಮಾಡಿ ಏನು ಒಕ್ಕಿದರು ಸ್ವಾಮಿ? ಬೇಸಾಯವೇ ಗೊತ್ತಿಲ್ಲದವರಿಗೆ ಒಕ್ಕಲು ಪಟ್ಟವೇ?

ತಿಪಟೂರಿನಿಂದ, 11.40

ಒಕ್ಕಣೆಗೂ ಇದಕ್ಕೂ ನಂಟು ಹಚ್ಚಿದ್ದು ನೀವು, ನಾನಲ್ಲ. ಹಳೆ ತಮಿಳಿನಲ್ಲಿ ಒಕ್ಕಲ್ ಎಂದರೆ ನೆಂಟರು, ಬಳಗ. ಕಣವೂ ಇಲ್ಲ, ರೋಣಗಲ್ಲೂ ಇಲ್ಲ. 'ಒಕ್ಕಲೆಬ್ಬಿಸು' ಎನ್ನುವಾಗ ಯಾರ ತೆನೆಯನ್ನು ಎಬ್ಬಿಸುತ್ತೀರಿ? ಕೋಲಾರದವರು ಹೇಳಿದ 'ಕೊಟ್ಟು ತರುವ ಜನ'ಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಚಿಕ್ಕಬಳ್ಳಾಪುರದಿಂದ, 12.05

ಸಾರ್, ತಮಿಳಿನ ವಿಷಯ ಹೊಸದಾಗಿ ತಿಳೀತು. ಆದರೆ ಈ ಜಿಲ್ಲೆಯಲ್ಲಿ ಫಲಕದ ಮೇಲೆ ಒಕ್ಕಲು ಅಂತ ಹಾಕಿದರೆ ಒಕ್ಕಲಿಗರ ಇತಿಹಾಸ ಅಂತಲೇ ಓದಿಕೊಳ್ಳೋದು. ಉದ್ಘಾಟನೆಗೆ ಬರುವವರು ಭಾಷಣಾನೂ ಹಾಗೇ ಮಾಡ್ತಾರೆ. ಬಾಗೇಪಲ್ಲಿ ಕಡೆಯ ಹುಡುಗರನ್ನು ಕೇಳಿದೆ, ತೆಲುಗಿನ 'ಜನಾಭಾ' ಅಂದರು. ಅದೂ ಎಣಿಕೆಯ ಲೆಕ್ಕವೇ ಆಯ್ತು.

ತುಮಕೂರಿನಿಂದ, 12.20

ನಮ್ಮ ತಾತ ಜನಗಣತಿಗೆ ಖಾನೇಷುಮಾರಿ ಅನ್ನುತ್ತಿದ್ದರು. ಶುದ್ಧ ಪಾರಸಿ. ಯಾರ ಕನ್ನಡವೂ ಕೆಡಲಿಲ್ಲ. ಈಗ ಸಂಸ್ಕೃತದ ಮಹಾಪ್ರಾಣ ಕಂಡರೆ ಕೆಲವರಿಗೆ ಉಸಿರು ಕಟ್ಟುತ್ತೆ.

ತಿಪಟೂರಿನಿಂದ, 12.26

ಕಚೇರಿ, ಜಮೀನು, ತಹಸೀಲ್ದಾರ್ ಎಲ್ಲ ಮಂದಿಯ ಬಾಯಲ್ಲಿ ಸವೆದು ಕನ್ನಡವಾದವು. 'ಜನಸಮುದಾಯ' ಯಾರ ಬಾಯಲ್ಲಿದೆ? ಸಂತೆಯಲ್ಲಿ ಒಮ್ಮೆ ಹೇಳಿ ನೋಡಿ.

ಕೋಲಾರದಿಂದ, 2.50

ಸಂತೆಯಲ್ಲಿ ಸೆಫಾಲಿಕ್ ಇಂಡೆಕ್ಸನ್ನೂ ಯಾರೂ ಕೇಳಲ್ಲ ಬಿಡಿ. ಮೇಡಂ ಕೇಳಿದ ಎರಡನೇ ಪದ ಎಲ್ಲರೂ ಮರೆತಿದ್ದಾರೆ. ವೇರಿಯೇಶನ್‌ಗೆ ವೈವಿಧ್ಯ ಅಂತಲೇ ಹಾಕಿ. ವ್ಯತ್ಯಾಸ ಅಂದರೆ ಎಲ್ಲೋ ಏನೋ ತಪ್ಪಿದೆ ಅನ್ನೋ ವಾಸನೆ ಬರುತ್ತೆ: ಲೆಕ್ಕದಲ್ಲಿ ವ್ಯತ್ಯಾಸ, ಆರೋಗ್ಯದಲ್ಲಿ ವ್ಯತ್ಯಾಸ. ಎತ್ತರ, ಮೈಬಣ್ಣ, ಹಲ್ಲಿನ ಆಕಾರ ಜನರಲ್ಲಿ ಬೇರೆಬೇರೆ ಇರೋದು ತಪ್ಪಲ್ಲವಲ್ಲ. ಎರಡೇ ಎರಡು ಬುರುಡೆಗಳ ಅಳತೆ ಹೋಲಿಸುವ ಸಾಲಿದ್ದರೆ ಅಲ್ಲಿ ವ್ಯತ್ಯಾಸ ಇರಲಿ.

ಇನ್ನೊಂದು. ಬ್ರಹ್ಮಗಿರಿ ಚಿತ್ರದ ಕೆಳಗೆ 'ಬೃಹತ್ ಶಿಲಾಯುಗದ ಜನಸಮುದಾಯ' ಅಂತ ಏಕವಚನ ಬೇಡ. 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆಸಿದ ಜಾಗ ಅದು. ಬೃಹತ್ ಶಿಲಾಗೋರಿಗಳಲ್ಲಿ ಹಲವರ ಮೂಳೆ ಕಲೆತು ಸಿಗೋದು ಮಾಮೂಲು, ಇಡೀ ಅಸ್ಥಿಪಂಜರ ಸಿಗೋದು ಅಪರೂಪ. ಕಿಬ್ಬೊಟ್ಟೆಯ ಕೆಳಗಿನ ಸೊಂಟದ ಮೂಳೆ ನೋಡಿ ಗಂಡೋ ಹೆಣ್ಣೋ ಅಂತಾರೆ, ತೊಡೆಮೂಳೆಯ ಉದ್ದದಿಂದ ಎತ್ತರ ಅಂದಾಜು ಮಾಡ್ತಾರೆ, ಹಲ್ಲು ಸವೆದಿರೋದು ನೋಡಿ ವಯಸ್ಸು. ಕೈಗೆ ಸಿಕ್ಕ ಇಷ್ಟರಿಂದ ಅವರೆಲ್ಲ ಒಂದೇ ಸಮುದಾಯ ಅಂತ ಫಲಕದಲ್ಲಿ ತೀರ್ಪು ಕೊಡೋದು ಬೇಡ. 'ಇಲ್ಲಿ ಹೂಳಲಾದ ಜನರು' ಅನ್ನಿ. ದೊಡ್ಡ ಪದ ಶೀರ್ಷಿಕೆಗೆ ಮಾತ್ರ ಇರಲಿ.

ಚಿಕ್ಕಬಳ್ಳಾಪುರದಿಂದ, 4.35

ಎಲ್ಲರಿಗೂ ಉಪಕಾರ ಆಯ್ತು. ಶೀರ್ಷಿಕೆ: 'ಮಾನವ ದೇಹ ವೈವಿಧ್ಯ ಮತ್ತು ಇತಿಹಾಸಪೂರ್ವ ಜನಸಮುದಾಯಗಳು'. ಚಿತ್ರದ ಕೆಳಗೆ 'ಇಲ್ಲಿ ಹೂಳಲಾದ ಜನರು'. ಸೆಫಾಲಿಕ್ ಇಂಡೆಕ್ಸ್ ಹಾಗೇ ಬಿಟ್ಟು, ಪಕ್ಕದಲ್ಲಿ ನೀಳತಲೆ, ಅಗಲತಲೆ ಬಳಸಿದ್ದೇನೆ. ತಿಪಟೂರಿನ ಸಾರ್, ಅವೆರಡೂ ಅಚ್ಚಗನ್ನಡ, ಕೋಪ ಮಾಡ್ಕೋಬೇಡಿ. ಫೈಲ್ ಕಳಿಸಿದೆ.

ತುಮಕೂರಿನಿಂದ, 5.10

'ಇತಿಹಾಸಪೂರ್ವ' ಅಲ್ಲ, 'ಪ್ರಾಗೈತಿಹಾಸಿಕ'. ಇದನ್ನು ಬೆಳಿಗ್ಗೆಯೇ ಹೇಳಬೇಕು ಅಂತಿದ್ದೆ, ಒಕ್ಕಲು ತಂದು ಕೆಡಿಸಿದರು. ತಿದ್ದಿಸಿ.

ಚಿಕ್ಕಬಳ್ಳಾಪುರದಿಂದ, 5.14

ಮೇಷ್ಟ್ರೇ, ಪ್ರಿಂಟ್ ಆಗ್ತಿದೆ.

ತಿಪಟೂರಿನಿಂದ, 5.20

ಅಯ್ಯೋ, 'ಐತಿಹಾಸಿಕ'ದಿಂದಲಾದರೂ ತಪ್ಪಿಸಿಕೊಂಡಿರಲ್ಲ.