‘ಲಾರ್ಡ್ ಮೊನ್‌ಬೊಡ್ಡೊ’: ಇಲ್ಲಿನ ‘ಲಾರ್ಡ್’ಗೆ ಕನ್ನಡವೇನು?

ಮಾನ್ಯರೇ,

ಸ್ಕಾಟ್ಲೆಂಡಿನ ನ್ಯಾಯಾಧೀಶ ಜೇಮ್ಸ್ ಬರ್ನೆಟ್ (1714–1799) ಅವರ ಕಿರುಪರಿಚಯವೊಂದನ್ನು ಬರೆಯುತ್ತಿದ್ದೇನೆ. ಭಾಷೆಯ ಹುಟ್ಟು ಮತ್ತು ಬೆಳವಣಿಗೆಯನ್ನು ಕುರಿತು ಆರು ಸಂಪುಟಗಳನ್ನು ರಚಿಸಿದ ಇವರು, 1767ರಲ್ಲಿ ಎಡಿನ್‌ಬರೋದಲ್ಲಿರುವ ಸ್ಕಾಟ್ಲೆಂಡಿನ ಅತ್ಯುನ್ನತ ಸಿವಿಲ್ ನ್ಯಾಯಾಲಯವಾದ ಕೋರ್ಟ್ ಆಫ್ ಸೆಷನ್‌ನ ಪೀಠವೇರಿದಾಗ, ಅಲ್ಲಿನ ರೂಢಿಯಂತೆ ತಮ್ಮ ಮನೆತನದ ಜಮೀನಿನ ಹೆಸರನ್ನು ತಾಳಿ ‘ಲಾರ್ಡ್ ಮೊನ್‌ಬೊಡ್ಡೊ’ ಎನಿಸಿಕೊಂಡರು. ನನ್ನ ತೊಡಕಿರುವುದು ಈ ‘ಲಾರ್ಡ್’ನಲ್ಲಿ.

‘ಪ್ರಭು’, ‘ಒಡೆಯ’ ಎಂದೊಡನೆ ನಮ್ಮ ಓದುಗರು ವಂಶಪಾರಂಪರ್ಯದ ಪದವಿಯನ್ನು ಊಹಿಸುತ್ತಾರೆ. ಆದರೆ ಇದು ಹುದ್ದೆಯೊಂದಿಗೆ ಬಂದ ಗೌರವನಾಮವೇ ಹೊರತು ಮಕ್ಕಳಿಗೆ ಇಳಿಯುವಂಥದ್ದಲ್ಲ. ಇದರಿಂದ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಸ್ಥಾನವೂ ಸಿಗುತ್ತಿರಲಿಲ್ಲ. ನಮ್ಮಲ್ಲಿ ಗೌಡರ ಹೆಂಡತಿ ಸಹಜವಾಗಿಯೇ ಗೌಡತಿಯಾಗುತ್ತಾಳೆ. ಅಲ್ಲಿ ಇಂಥ ನ್ಯಾಯಾಧೀಶರುಗಳ ಪತ್ನಿಯರಿಗೆ ‘ಲೇಡಿ’ ಎನಿಸಿಕೊಳ್ಳುವ ಹಕ್ಕು ಅಧಿಕೃತವಾಗಿ ದೊರೆತದ್ದು 1905ರಲ್ಲಿ.

ಕುಟುಂಬದ ವಿವರ ಬರೆಯುವಾಗ ಈ ತೊಡಕು ಇನ್ನೂ ಬಿಗಿಯಾಗುತ್ತದೆ. ಕವಿ ರಾಬರ್ಟ್ ಬರ್ನ್ಸ್ ಮನಸಾರೆ ಮೆಚ್ಚಿದ್ದ ಇವರ ಮಗಳು ಎಲಿಜಬೆತ್ 1790ರಲ್ಲಿ ಕ್ಷಯದಿಂದ ಎಳೆಯ ಪ್ರಾಯದಲ್ಲೇ ತೀರಿಕೊಂಡರು. ಬರ್ನ್ಸ್ ಬರೆದ ಶೋಕಗೀತೆಯ ಶೀರ್ಷಿಕೆಯಲ್ಲಿ ಆಕೆ ‘ಮೊನ್‌ಬೊಡ್ಡೊದ ಮಿಸ್ ಬರ್ನೆಟ್’. ತಂದೆಯನ್ನು ‘ಪ್ರಭು ಮೊನ್‌ಬೊಡ್ಡೊ’ ಎಂದು ಬರೆದು ಮಗಳನ್ನು ‘ಮಿಸ್ ಬರ್ನೆಟ್’ ಎಂದರೆ, ಮಗಳನ್ನು ಕಳೆದುಕೊಂಡ ಆ ಮುದುಕ ಇವರೇ ಎಂಬುದು ಓದುಗರಿಗೆ ಹೊಳೆಯುವುದಾದರೂ ಹೇಗೆ? ಆ ಸಾವಿನ ದುಃಖ ಪದದ ಗೊಂದಲದಲ್ಲಿ ಮರೆಯಾಗಬಾರದೆಂಬುದೇ ನನ್ನ ಕಳಕಳಿ.

‘ನ್ಯಾಯಮೂರ್ತಿ ಮೊನ್‌ಬೊಡ್ಡೊ’ ಎಂಬುದು ಅರ್ಥಕ್ಕೆ ಹತ್ತಿರವಾಗಿದೆ. ಊರಿನ ಹೆಸರಿನಿಂದಲೇ ವ್ಯಕ್ತಿಯನ್ನು ಗುರುತಿಸುವುದು ನಮಗೆ ಹೊಸತಲ್ಲವಾದ್ದರಿಂದ, ಮೊದಲ ಸಲ ‘ಮೊನ್‌ಬೊಡ್ಡೊದ ನ್ಯಾಯಮೂರ್ತಿ ಜೇಮ್ಸ್ ಬರ್ನೆಟ್’ ಎಂದು ಬರೆದು, ಮುಂದೆ ‘ಮೊನ್‌ಬೊಡ್ಡೊ’ ಎಂದಷ್ಟೇ ಬಳಸುವುದು ನನಗೆ ಒಪ್ಪಿತವಾಗಿ ಕಾಣುತ್ತದೆ. ಆದರೂ ಇದರಲ್ಲಿ ‘ಲಾರ್ಡ್’ ಪದದ ಗತ್ತು ಉಳಿಯುವುದಿಲ್ಲ. ಹಳೆಯ ಅರ್ಜಿಗಳಲ್ಲಿ ಅಧಿಕಾರಿಗಳಿಗೂ ನ್ಯಾಯಾಧೀಶರಿಗೂ ಸಲ್ಲುತ್ತಿದ್ದ ‘ಖಾವಂದರು’ ಎಂಬ ಮಾತಿಗೆ ಆ ಗತ್ತಿದೆ. ಆದರೆ ಕರಾವಳಿಯ ಓದುಗರಿಗೆ ಅದು ಧರ್ಮಸ್ಥಳದ ಹೆಗ್ಗಡೆಯವರನ್ನೇ ನೆನಪಿಸೀತು.

ಕೋರ್ಟು ಕಚೇರಿಯ ಕನ್ನಡವನ್ನು ಬಲ್ಲವರು, ಹುದ್ದೆಗಷ್ಟೇ ಅಂಟಿಕೊಂಡು ಮನೆತನಕ್ಕೆ ಇಳಿಯದ ಇಂಥ ಗೌರವನಾಮಕ್ಕೆ ಬಳಕೆಯಲ್ಲಿರುವ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಬೇಕು.