‘ಬ್ಲೋಟ್’ಗೆ ಉಬ್ಬರವೋ, ಜೊಳ್ಳೋ? ‘ವ್ಯಾಕ್ಯೂಮ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೇಲಿನ ಎರಡು ಪದಗಳಿಗೆ ನಿಮ್ಮ ಸಲಹೆ ಬೇಕು.

ವಿಷಯ ಇಷ್ಟು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ತಿದ್ದಿದರೆ ಹಳೆಯದು ತಕ್ಷಣ ಅಳಿಯುವುದಿಲ್ಲ. ಅದನ್ನು ಹಾಗೇ ಬಿಟ್ಟು ಹೊಸ ಸಾಲು ಬರೆಯಲಾಗುತ್ತದೆ. ಹಳೆಯದು ಯಾರಿಗೂ ಬೇಡವಾದ ಮೇಲೆ ಆಟೋವ್ಯಾಕ್ಯೂಮ್ (ತಾನಾಗಿ ಓಡುವ ‘ವ್ಯಾಕ್ಯೂಮ್’ ಕೆಲಸ) ಬಂದು ಜಾಗ ಬಿಡಿಸಬೇಕು. ಮಾಮೂಲಿ ಸೆಟ್ಟಿಂಗ್‌ನಲ್ಲಿ ಟೇಬಲ್ಲಿನ ಸುಮಾರು 20% ಸಾಲುಗಳು ಹೀಗೆ ಸತ್ತ ಮೇಲೆ ಅದು ಶುರುವಾಗುತ್ತದೆ. ಆದರೆ ನಡುವೆ ಯಾರಾದರೂ ಟೇಬಲ್ಲಿನ ರಚನೆ ಬದಲಿಸುವ ‘ಆಲ್ಟರ್ ಟೇಬಲ್’ ಆದೇಶ ಕೊಟ್ಟರೆ ಸಾಮಾನ್ಯವಾಗಿ ಅವರಿಗೆ ದಾರಿ ಬಿಟ್ಟು ನಿಂತುಬಿಡುತ್ತದೆ. ಲಾಗ್‌ನಲ್ಲಿ ‘ಕ್ಯಾನ್ಸಲಿಂಗ್ ಆಟೋವ್ಯಾಕ್ಯೂಮ್ ಟಾಸ್ಕ್’ ಅಂತ ಒಂದು ಸಾಲು ಬೀಳುತ್ತದೆ, ಯಾರೂ ನೋಡುವುದಿಲ್ಲ. ದೊಡ್ಡ ಟೇಬಲ್‌ಗೆ ದಿನಾ ಹೀಗಾದರೆ ಡೇಟಾ ಇದ್ದಷ್ಟೇ ಇರುತ್ತದೆ, ಫೈಲ್ ಮಾತ್ರ ದಪ್ಪವಾಗುತ್ತಾ ಹೋಗುತ್ತದೆ. ಯಾರೋ ಟ್ರಾನ್ಸಾಕ್ಷನ್ (ಒಟ್ಟಿಗೆ ಮುಗಿಯಬೇಕಾದ ಕೆಲಸಗಳ ಗುಂಪು) ತೆರೆದು ಮುಗಿಸಲು ಮರೆತಿದ್ದರಂತೂ ವ್ಯಾಕ್ಯೂಮ್ ಪೂರ್ತಿ ಓಡಿದರೂ, ಆಮೇಲೆ ಸತ್ತ ಸಾಲುಗಳನ್ನು ಅದು ಮುಟ್ಟುವಂತಿಲ್ಲ.

‘ಬ್ಲೋಟ್’ ಅನ್ನುವುದು ಈ ದಪ್ಪಕ್ಕೇ. ಇದಕ್ಕೆ ‘ಉಬ್ಬರ’ ಎಂದರೆ ಕರಾವಳಿಯವರು ಒಪ್ಪಲಿಕ್ಕಿಲ್ಲ. ಉಬ್ಬರ ಬಂದರೆ ಇಳಿತ ಬಂದೇ ಬರುತ್ತದೆ, ಇದು ತಾನಾಗಿ ಇಳಿಯುವುದಿಲ್ಲ. ನನಗೆ ‘ಜೊಳ್ಳು’ ಇಷ್ಟ. ಜಾಗ ಹಿಡಿದಿದೆ, ಒಳಗೆ ಕಾಳಿಲ್ಲ. ಆದರೆ ಜೊಳ್ಳಿನಲ್ಲಿ ಕಾಳು ಕಟ್ಟಿರುವುದೇ ಇಲ್ಲ, ಇಲ್ಲಿ ಒಂದು ಕಾಲಕ್ಕೆ ಇತ್ತು ಅಲ್ವಾ?

‘ವ್ಯಾಕ್ಯೂಮ್’ಗೆ ‘ನಿರ್ವಾತ’ ಖಂಡಿತ ಬೇಡ. ‘ಗುಡಿಸು’ ಎಂದರೆ ಡಿಸ್ಕ್ ಖಾಲಿಯಾಯಿತು ಅನ್ನಿಸುತ್ತದೆ. ನಿಜದಲ್ಲಿ ಬಿಡಿಸಿದ ಜಾಗ ಅದೇ ಟೇಬಲ್ಲಿನ ಹೊಸ ಸಾಲುಗಳಿಗೆ ಸಿಗುತ್ತದೆ, ಫೈಲ್ ಹೆಚ್ಚಾಗಿ ಕುಗ್ಗುವುದಿಲ್ಲ. ಜನ ಗಾಬರಿಯಾಗುವುದೇ ಇಲ್ಲಿ. ಡಿಸ್ಕ್‌ಗೆ ಜಾಗ ವಾಪಸ್ ಬೇಕೆಂದು ‘ವ್ಯಾಕ್ಯೂಮ್ ಫುಲ್’ ಕೊಡುತ್ತಾರೆ. ಅದು ಟೇಬಲನ್ನೇ ಹೊಸದಾಗಿ ಬರೆಯುತ್ತದೆ, ಮುಗಿಯುವ ತನಕ ಯಾರಿಗೂ ಓದಲೂ ಬಿಡುವುದಿಲ್ಲ. ಹೊಸ ಪ್ರತಿಗೆ ಬೇರೆ ಜಾಗವೂ ಬೇಕು, ತುಂಬಿದ ಡಿಸ್ಕ್‌ನಲ್ಲಿ ಅದನ್ನು ಎಲ್ಲಿಂದ ತರುವುದು!

ಹಾಗಾಗಿ ಬರೀ ‘ವ್ಯಾಕ್ಯೂಮ್’ಗೆ ‘ತೆರವು’, ಫುಲ್‌ಗೆ ‘ಮರುಬರೆ’ ಅಂದುಕೊಂಡಿದ್ದೇನೆ. ಹುದ್ದೆ ತೆರವಾದರೆ ಇನ್ನೊಬ್ಬರು ಬಂದು ಕೂರಬಹುದು, ಕಚೇರಿಯೇನೂ ಚಿಕ್ಕದಾಗುವುದಿಲ್ಲ. ಒಂದೇ ಅನುಮಾನ: ಪೇಪರ್‌ನಲ್ಲಿ ದಿನಾ ‘ಒತ್ತುವರಿ ತೆರವು’ ಓದುವವರಿಗೆ ಜೆಸಿಬಿ ಕಣ್ಣಿಗೆ ಬರುತ್ತದೆಯೇ? ಮತ್ತೆ, ಕಾಳು ಉದುರಿಹೋದ ತೆನೆಗೆ ನಿಮ್ಮ ಕಡೆ ಬೇರೆ ಮಾತಿದ್ದರೆ ಊರಿನ ಹೆಸರಿನ ಜೊತೆ ತಿಳಿಸಿ.