ಸ್ಟಾರ್ ಇಲ್ಲದ ಕನ್ನಡ ಸಿನಿಮಾನ ನೀವೆಲ್ಲ ಯಾವಾಗ ನೋಡುತ್ತೀರಿ? ಕೆಲಸಕ್ಕೆ ಹೋಗೋರು ಹೇಳಿ

ನಾಗಸಂದ್ರ ಟು ವೈಟ್‌ಫೀಲ್ಡ್:

ವಯಸ್ಸು 26. ಮನೆ ನಾಗಸಂದ್ರ, ಆಫೀಸು ವೈಟ್‌ಫೀಲ್ಡ್ ಕಡೆ. ಬೆಳಿಗ್ಗೆ ಹಸಿರು ಲೈನ್, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಲೈನ್. ಸಂಜೆ ಅದೇ ಉಲ್ಟಾ.

ನನ್ನ ತೊಂದರೆ ಇದು. ಸಿನಿಮಾ ಶುಕ್ರವಾರ ಬಿಡುಗಡೆ ಆಗುತ್ತದೆ. ಶನಿವಾರ ಬಟ್ಟೆ, ಮನೆ ಕ್ಲೀನಿಂಗು, ಅಮ್ಮನ ಜೊತೆ ತರಕಾರಿ. ಭಾನುವಾರ ಯಾರದೋ ನಾಮಕರಣ. ನೋಡಿದವರು ಯಾರಾದರೂ "ಚೆನ್ನಾಗಿದೆ ಕಣೇ, ಹೋಗು" ಅನ್ನುವಷ್ಟರಲ್ಲಿ ಸೋಮವಾರ. ಆಗ ಆಪ್ ತೆಗೆದರೆ ಬೆಳಿಗ್ಗೆ 10.15ಕ್ಕೆ ಒಂದು ಷೋ, ರಾತ್ರಿ 10.40ಕ್ಕೆ ಒಂದು ಷೋ. ಅದೂ ಊರಿನ ಆ ತುದಿಯ ಮಾಲ್‌ನಲ್ಲಿ. ವಾರದ ದಿನ ಬೆಳಿಗ್ಗೆ ಹತ್ತೂಕಾಲಿಗೆ ಸಿನಿಮಾ ನೋಡೋ ಪುಣ್ಯವಂತರು ಯಾರು ಸ್ವಾಮಿ? ನಮ್ಮ ಮ್ಯಾನೇಜರ್ ಅದೇ ಹೊತ್ತಿಗೆ ಮೀಟಿಂಗ್ ಇಟ್ಟಿರುತ್ತಾರೆ. ಶುಕ್ರವಾರ ಬಂದರೆ ಆ ಸಿನಿಮಾನೇ ಇರಲ್ಲ.

"ಒಟಿಟಿಗೆ ಬರುತ್ತೆ ಬಿಡು" ಅಂತ ಆಫೀಸಲ್ಲಿ ಹೇಳುತ್ತಾರೆ. ಎಲ್ಲಿ ಬರುತ್ತದೆ? 2020ರ ಲಾಕ್‌ಡೌನ್‌ನಲ್ಲಿ ಒಂದೆರಡು ಕನ್ನಡ ಸಿನಿಮಾ ಸೀದಾ ಪ್ರೈಮ್‌ಗೇ ಬಂದಾಗ ಇನ್ನು ನಮಗೆ ಥಿಯೇಟರ್ ಯಾಕೆ ಅಂದುಕೊಂಡವಳು ನಾನು. ಆಮೇಲೆ ನೋಡಿದರೆ ರಕ್ಷಿತ್ ಶೆಟ್ಟಿ ಬೆನ್ನಿಗಿದ್ದ 'ಏಕಂ' ಸರಣಿಗೇ ಜಾಗ ಸಿಗಲಿಲ್ಲ. 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಬಿಡಬೇಕಾಯಿತು. ಹೆಸರಿದ್ದವರದೇ ಈ ಕಥೆ. ಹೊಸಬರದು ಕೇಳಬೇಕಾ?

ನಮ್ಮ ಟೀಮಲ್ಲಿ ಕನ್ನಡದವರು ಸುಮಾರು ಜನ ಇದ್ದೀವಿ. ಊಟಕ್ಕೆ ಕೂತರೆ ಕೊರಿಯನ್ ಸೀರಿಯಲ್ಲು, ಮಲಯಾಳಂ ಸಿನಿಮಾ. ನಾನೂ ನೋಡುತ್ತೇನೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕನ್ನಡದ್ದು ಅಂದರೆ ಎಲ್ಲರೂ ನೋಡಿರೋದು ರೀಲ್ಸ್‌ನಲ್ಲಿ ಬಂದ ಮೂವತ್ತು ಸೆಕೆಂಡು. ಅಷ್ಟು ನೋಡಿ "ಕನ್ನಡದಲ್ಲಿ ಏನೂ ಇಲ್ಲ" ಅಂತ ತೀರ್ಪು ಬೇರೆ. ನಮಗೆ ರುಚಿ ಇಲ್ಲ ಅಂತಲ್ಲ, ನಮಗೆ ಆಗೋ ಹೊತ್ತಿಗೆ ಷೋ ಇಲ್ಲ ಅನ್ನೋದು ನನ್ನ ವಾದ. ನೀವು ಹೇಗೆ ಸಂಭಾಳಿಸುತ್ತೀರಿ?

ಗಾಂಧಿನಗರ ಗಿರಾಕಿ:

ಮೇಡಂ, ದಿನಾ ಎರಡು ಸಲ ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತುತ್ತೀರಿ, ಆದರೂ ಸಿನಿಮಾ ಹುಡುಕೋದು ಮಾಲ್‌ನಲ್ಲಾ? ಮೆಟ್ಟಿಲು ಹತ್ತಿ ಹೊರಗೆ ಬನ್ನಿ, ಗಾಂಧಿನಗರದ ಕೆ.ಜಿ. ರೋಡು ಅಲ್ಲೇ ಇದೆ. ಕಪಾಲಿ, ಸಾಗರ್, ಕೆಂಪೇಗೌಡ ಥಿಯೇಟರ್ ಎಲ್ಲ ಹೋದವು, ಒಪ್ಪುತ್ತೇನೆ. ಆದರೆ ಸಂತೋಷ್, ಅನುಪಮ, ತ್ರಿವೇಣಿ ಕಡೆ ಒಮ್ಮೆ ಕಣ್ಣು ಹಾಯಿಸಿ. ಕನ್ನಡ ಸಿನಿಮಾಗೆ ಅಲ್ಲೊಂದು ಮೇನ್ ಥಿಯೇಟರ್ ಅಂತ ಇರುತ್ತದೆ. ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಷೋ. ಸಂಜೆ ಏಳು ಏಳೂವರೆಗೆ ಒಂದು ಇದ್ದೇ ಇರುತ್ತದೆ. ಆರಕ್ಕೆ ಆಫೀಸು ಬಿಟ್ಟರೆ ಟೈಟಲ್ ಕಾರ್ಡ್ ಕೂಡ ತಪ್ಪಲ್ಲ.

ಸೋಫಾ ಸಂಘದ ಅಧ್ಯಕ್ಷ:

ನಾನು ಹೋಗಲ್ಲ. ಮುಚ್ಚುಮರೆ ಏನಿಲ್ಲ. ಇಬ್ಬರು ಮಾಲ್‌ಗೆ ಹೋದರೆ ಟಿಕೆಟ್ಟು, ಪಾಪ್‌ಕಾರ್ನು, ಪಾರ್ಕಿಂಗು ಸೇರಿ ಸಾವಿರ ದಾಟುತ್ತದೆ. ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಅಂತ 2025ರ ಬಜೆಟ್‌ನಲ್ಲಿ ಹೇಳಿತು, ಸೆಪ್ಟೆಂಬರ್‌ನಲ್ಲಿ ನಿಯಮವೂ ಬಂತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಖುಷಿ ಪಡೋಕೂ ಟೈಮ್ ಸಿಗಲಿಲ್ಲ. ಅಷ್ಟು ದುಡ್ಡು ಕೊಟ್ಟು, ಪಕ್ಕದವನ ಫೋನ್ ಬೆಳಕಲ್ಲಿ, ಸುಮಾರಾದ ಸಿನಿಮಾ ಯಾಕೆ ನೋಡಬೇಕು ಹೇಳಿ? ಚೆನ್ನಾಗಿದ್ದರೆ ಅದು ತಾನಾಗೇ ಓಡುತ್ತದೆ.

ರೀಲ್ ಪೆಟ್ಟಿಗೆ:

"ತಾನಾಗೇ ಓಡುತ್ತದೆ" ಅನ್ನೋ ಮಾತಿಗೆ ಉತ್ತರ ಕೊಡದೆ ಇರೋಕಾಗಲ್ಲ ಅಧ್ಯಕ್ಷರೇ. ನಮ್ಮ ಮಾವ ಸಿನಿಮಾ ವಿತರಣೆಯಲ್ಲಿದ್ದರು, ನಾನು ಅಲ್ಲೇ ಓಡಾಡಿ ಬೆಳೆದವನು.

ಮಾಲ್‌ಗಳಲ್ಲಿ ಷೋ ಹಂಚೋದು ವಾರಕ್ಕೊಮ್ಮೆ ಅಲ್ಲ, ಹೆಚ್ಚುಕಡಿಮೆ ದಿನಾ. ಶುಕ್ರವಾರ ಸಂಜೆ ಸೀಟು ಖಾಲಿ ಕಂಡರೆ ಭಾನುವಾರವೇ ಆ ಸ್ಕ್ರೀನು ಬೇರೆ ಸಿನಿಮಾಗೆ. ಅವರದು ಟಿಕೆಟ್ ಹಣದಲ್ಲಿ ಪಾಲಿನ ಲೆಕ್ಕ. ಮೊದಲ ವಾರ ಸುಮಾರು ಅರ್ಧರ್ಧ, ಆಮೇಲೆ ವಾರದಿಂದ ವಾರಕ್ಕೆ ನಿರ್ಮಾಪಕರ ಪಾಲು ಇಳಿಯುತ್ತದೆ. ಖಾಲಿ ಸೀಟಿನಿಂದ ಅವರಿಗೆ ಪಾಲೂ ಇಲ್ಲ, ಪಾಪ್‌ಕಾರ್ನ್ ವ್ಯಾಪಾರವೂ ಇಲ್ಲ. ಹಾಗಾಗಿ ಸಣ್ಣ ಸಿನಿಮಾನ ಯಾರೂ ಬರದ ಹೊತ್ತಿಗೆ ತಳ್ಳುತ್ತಾರೆ. ಯಾರೂ ಬರಲಿಲ್ಲ ಅಂತ ಆಮೇಲೆ ತೆಗೆಯುತ್ತಾರೆ.

ಗಾಂಧಿನಗರದ ಮೇನ್ ಥಿಯೇಟರ್‌ನಲ್ಲಿ ಹೆಚ್ಚಾಗಿ ನಡೆಯೋದು ಬಾಡಿಗೆ ಪದ್ಧತಿ. ನಿರ್ಮಾಪಕ ವಾರದ ಬಾಡಿಗೆ ಕಟ್ಟಿದ ಮೇಲೆ ಹತ್ತು ಜನ ಬಂದರೂ ಥಿಯೇಟರ್‌ನವರಿಗೆ ನಷ್ಟ ಇಲ್ಲ. ಆದ್ದರಿಂದ ವಾರವಿಡೀ ನಾಲ್ಕೂ ಷೋ ನಿಲ್ಲುತ್ತವೆ. ಮೇಡಂಗೆ ಏಳೂವರೆ ಷೋ ಸಿಗೋದು ಈ ಕಾರಣಕ್ಕೆ. ನಿರ್ಮಾಪಕನ ಜೇಬಿಗೆ ಕತ್ತರಿ ಬೀಳೋದೂ ಇದೇ ಕಾರಣಕ್ಕೆ. ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ ಬೇರೆ ಕಟ್ಟಬೇಕು. ರೀಲ್ ಪೆಟ್ಟಿಗೆ ಹೊರೋ ಕಾಲ ಹೋಯಿತು, ಖರ್ಚು ಹೋಗಲಿಲ್ಲ.

ತಾನಾಗೇ ಓಡಿದ್ದು ಅಂತ ಎಲ್ಲರೂ 2025ರ 'ಸು ಫ್ರಮ್ ಸೋ' ಹೆಸರು ಹೇಳುತ್ತಾರೆ. ಅದು ಸುಮ್ನೆ ಓಡಲಿಲ್ಲ. ಬಿಡುಗಡೆಗೆ ಮೊದಲೇ ಟಿಕೆಟ್ ಇಟ್ಟು ಪ್ರೀಮಿಯರ್ ಷೋ ಮಾಡಿದರು. ಬಾಯಿಂದ ಬಾಯಿಗೆ ಹರಡುವ ಮಾತು ಶುಕ್ರವಾರಕ್ಕೆ ಮೊದಲೇ ಶುರುವಾಗಿತ್ತು. ಷೋ ಕಿತ್ತುಹಾಕೋಕೆ ಮುಂಚೆ ಜನ ಬಂದರು, ಷೋ ಜಾಸ್ತಿ ಆದವು. ಸೋಮವಾರದ ಹೊತ್ತಿಗೆ ಬರೋ ಹೊಗಳಿಕೆಯಿಂದ ಸಣ್ಣ ಸಿನಿಮಾ ಉಳಿಯೋದು ಕಷ್ಟ.

ಮ್ಯೂನಿಕ್ ಮಾವಿನಕಾಯಿ:

ನಾಲ್ಕು ಷೋಗೆ ಜಗಳ ಆಡೋರನ್ನ ನೋಡಿ ಹೊಟ್ಟೆ ಉರಿಯಿತು. ಇಲ್ಲಿ ನಮಗೆ ಕನ್ನಡ ಸಿನಿಮಾ ಬಂದರೆ ಒಂದು ಷೋ, ಅದೂ ಭಾನುವಾರ ಮಧ್ಯಾಹ್ನ. ವಾಟ್ಸಾಪ್ ಗ್ರೂಪಲ್ಲಿ ಹೆಸರು ಕೊಡಬೇಕು. ಸಾಕಷ್ಟು ಜನ ಸೇರದಿದ್ದರೆ ಅದೂ ಇಲ್ಲ. ಸಿಕ್ಕಿದವರಿಗೆ ಸೀರುಂಡೆ. ಇಂಟರ್‌ವಲ್‌ನಲ್ಲಿ ಸಿನಿಮಾಗಿಂತ ಯಾರ ಮನೆಗೆ ಯಾರು ಊರಿಂದ ಹಪ್ಪಳ ತಂದರು ಅನ್ನೋ ಚರ್ಚೆ ಜಾಸ್ತಿ.

ನಾಗಸಂದ್ರ ಟು ವೈಟ್‌ಫೀಲ್ಡ್:

@ರೀಲ್ ಪೆಟ್ಟಿಗೆ, ಇದನ್ನ ಇಷ್ಟು ಬಿಡಿಸಿ ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅಂದರೆ ನಾನು ರಿವ್ಯೂ ಕಾಯುತ್ತಾ ಕೂತಷ್ಟೂ ಸಿನಿಮಾ ಹೋಗುತ್ತಾ ಇರುತ್ತದೆ. ಸರಿ, ಇನ್ನು ಟ್ರೇಲರ್ ನೋಡಿ ಇಷ್ಟ ಆದರೆ ಶುಕ್ರವಾರ ಸಂಜೆಗೇ ಬುಕ್ ಮಾಡುತ್ತೇನೆ. ನಾಮಕರಣ ಹೇಗೂ ಭಾನುವಾರ.

@ಗಾಂಧಿನಗರ ಗಿರಾಕಿ, ಕೆ.ಜಿ. ರೋಡಿಗೆ ಒಬ್ಬಳೇ ಹೋಗಬಹುದಾ? ಷೋ ಬಿಡೋದು ಹತ್ತೂಕಾಲು ಆದರೆ ಮೆಟ್ರೋ ಇರುತ್ತದೆ, ಅದು ಗೊತ್ತು. ಅಮ್ಮನಿಗೆ ಹೇಳಬೇಕಲ್ಲ, ಅದಕ್ಕೆ ಕೇಳಿದ್ದು.

ಬಾಲ್ಕನಿ ಬಾಬಿ:

ನಾನು ಹೋಗುತ್ತೇನಲ್ಲ, ನಾನೂ ಹೆಣ್ಣೇ. ಬಾಲ್ಕನಿ ತಗೊಳ್ಳಿ, ದಾರಿ ಪಕ್ಕದ ಸೀಟು ಕೇಳಿ. ದೊಡ್ಡ ಸ್ಟಾರ್ ಸಿನಿಮಾ ಮೊದಲ ದಿನ ಮಾತ್ರ ಆ ಕಡೆ ತಲೆ ಹಾಕಬೇಡಿ. ಕಟೌಟಿಗೆ ಹಾಲು, ಪಟಾಕಿ, ಡೊಳ್ಳು, ನಿಮ್ಮ ಚಪ್ಪಲಿ ಎಲ್ಲಿಗೆ ಹೋಯಿತು ಅಂತ ಹುಡುಕಬೇಕಾಗುತ್ತದೆ. (ನನಗೆ ಅದೂ ಇಷ್ಟ, ಅದು ಬೇರೆ ಮಾತು.) ವಾರದ ದಿನ ಸಣ್ಣ ಸಿನಿಮಾಗೆ ಬರೋರು ಅಕ್ಕಪಕ್ಕದ ಅಂಗಡಿಯವರು, ಬಸ್ಸಿಗೆ ಹೊತ್ತಿರೋರು, ಕಾಲೇಜು ಹುಡುಗರು. ಕೆಳಗಿನಿಂದ ಸೀಟಿ ಕೇಳುತ್ತದೆ, ಅದಕ್ಕೆಲ್ಲ ಹೆದರಬೇಡಿ, ಹೀರೋಗೆ ಹೊಡೆಯೋದು.

ತಕರಾರುಗಳೂ ಇವೆ. ಕೆಲವು ಕಡೆ ಸೌಂಡು ಸುಮಾರು, ಮಾತು ಸರಿಯಾಗಿ ಕೇಳಲ್ಲ. ಟಾಯ್ಲೆಟ್‌ಗೆ ಇಂಟರ್‌ವಲ್‌ಗೆ ಐದು ನಿಮಿಷ ಮೊದಲೇ ಹೋಗಿ ಬನ್ನಿ. ಪಾಪ್‌ಕಾರ್ನ್ ಬೆಲೆ ಕೇಳಿ ಎದೆ ಹಿಡಿದುಕೊಳ್ಳಬೇಕಾಗಿಲ್ಲ. ಅಮ್ಮನನ್ನೂ ಕರೆದುಕೊಂಡು ಬನ್ನಿ, ಅವರ ಕಾಲದ ಟಾಕೀಸ್ ಕಥೆ ಶುರುವಾದರೆ ಸಿನಿಮಾ ಬೋರಾದರೂ ನಷ್ಟ ಇಲ್ಲ.

ಸೋಫಾ ಸಂಘದ ಅಧ್ಯಕ್ಷ:

ಸುಮ್ನೆ ಕೇಳುತ್ತಿದ್ದೇನೆ. ಬಾಲ್ಕನಿ ಎಷ್ಟು? ಎಸಿ ಇದೆಯಾ?

ಬಾಲ್ಕನಿ ಬಾಬಿ:

ಮಾಲ್‌ನಲ್ಲಿ ನಿಮ್ಮ ಪಾಪ್‌ಕಾರ್ನ್‌ಗೆ ಆಗೋದಕ್ಕಿಂತ ಕಮ್ಮಿ. ಎಸಿ ಇದೆ. ಹಾಕೋದು ಬಿಡೋದು ಎಷ್ಟು ಜನ ಬಂದಿದ್ದಾರೆ ನೋಡಿಕೊಂಡು. ಅದಕ್ಕೇ ನಿಮ್ಮ ಸಂಘದವರನ್ನೆಲ್ಲ ಕರೆತನ್ನಿ.